ಬಲಿಯದ ಆರು ಅಂಡಗಳು

“ಆರರಲ್ಲಿ ಐದು ಬದುಕಿವೆ ಕಣಮ್ಮಾ!” ಎಂದು ಡಾಕ್ಟರು ನಿನ್ನೆಯೇ ಆ ಅಂಡಗಳ ಒಡತಿಗೆ ಫೋನಿನಲ್ಲಿ ಹೇಳಿಬಿಟ್ಟಿದ್ದರು. ಲ್ಯಾಬಿನಲ್ಲಿದ್ದ ನನಗೆ ಮೈ ಉರಿದುಹೋಯಿತು. ಹೆಪ್ಪು ಕರಗಿದ ಮೇಲೆ ಅಂಡ ಬದುಕುವುದೇ ಬೇರೆ, ಬಲಿಯುವುದೇ ಬೇರೆ.

ಆದರೆ ಅವರನ್ನು ಬೈಯಲು ನನಗೆ ಯಾವ ಮುಖವಿತ್ತು? ಮೂರು ವರ್ಷದ ಹಿಂದೆ, ಆಕೆಯ ಕ್ಯಾನ್ಸರ್ ಚಿಕಿತ್ಸೆಗೆ ಮುಂಚೆ, ಅವನ್ನು ಹೆಪ್ಪುಗಟ್ಟಿಸಿದವಳು ನಾನೇ. ಎಳೆಯ ಅಂಡಗಳನ್ನು ಒಂದು ದಿನ ತಟ್ಟೆಯಲ್ಲಿಟ್ಟು ಬಲಿಸಿ, ಆಮೇಲೆ ಹೆಪ್ಪುಗಟ್ಟಿಸುವುದು ನಮ್ಮ ಲ್ಯಾಬಿನ ಪದ್ಧತಿ. ಮರುದಿನ ನನಗೆ ರಜೆ. ಎಳೆಯವನ್ನೇ ದ್ರವ ನೈಟ್ರೋಜನ್ನಿಗೆ ಇಳಿಸಿ ಮನೆಗೆ ಹೋಗಿದ್ದೆ.

ಬದುಕಿದ ಐದನ್ನು ನಿನ್ನೆ ರಾತ್ರಿಯಿಡೀ ಬಲಿಯಲೆಂದು ತಟ್ಟೆಯಲ್ಲಿಟ್ಟಿದ್ದೆ. ಇವತ್ತು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಬಲಿತ ಅಂಡವಾದರೆ ಅದರ ಅಂಚಿನಲ್ಲಿ ಒಂದು ಪುಟ್ಟ ಗುಳ್ಳೆ ಕಾಣಬೇಕು. ಮೊದಲನೆಯದರಲ್ಲಿ ಇಲ್ಲ. ಎರಡು, ಮೂರು, ಅವುಗಳಲ್ಲೂ ಇಲ್ಲ. ನಾಲ್ಕನೆಯದು ಆಗಲೇ ಕಪ್ಪಿಟ್ಟಿತ್ತು. ಐದನೆಯದನ್ನು ನೋಡುವ ಮೊದಲು ಕಣ್ಣು ಮುಚ್ಚಿ ಕೂತೆ. ತೆರೆದಾಗ ಗುಳ್ಳೆ ಕಂಡಿತು.

ಆಕೆ ಹೊರಗೆ ಬೆಂಚಿನ ತುದಿಯಲ್ಲಿ ಕಾಯುತ್ತಿದ್ದಳು.

“ಒಂದೇ ಒಂದು ಬಲಿತಿದೆ,” ಎಂದೆ. “ತಪ್ಪು ನಂದು. ಮಾರನೇ ದಿನ ರಜೆ ಇತ್ತು ಅಂತ, ಬಲಿಯೋಕ್ಕೂ ಬಿಡದೆ ಫ್ರೀಜ್ ಮಾಡಿಬಿಟ್ಟೆ.”

ಆಕೆ ಬೆಂಚಿನಿಂದ ಎದ್ದು ನಿಂತಳು.

“ನಮ್ಮ ಕ್ಯಾನ್ಸರ್ ವಾರ್ಡಲ್ಲೂ ಆರು ಜನ ಇದ್ವಿ. ಉಳಿದಿದ್ದು ನಾನೊಬ್ಬಳೇ,” ಎಂದಳು. “ನಿಮ್ಮನ್ನ ಆಮೇಲೆ ಬೈತೀನಿ. ಮೊದಲು ಒಳಗೆ ಹೋಗಿ ಅದನ್ನ ನೋಡ್ಕೊಳ್ಳಿ. ನಾಳೆ ರಜೆ ಹಾಕ್ಬೇಡಿ.”