ತೂರಿದ ಮಣ್ಣು

ಗೇಟಿನ ಚಿಲಕಕ್ಕೆ ಕೈ ಹಾಕಿದ ಮೇಲೂ ಲಲಿತಮ್ಮನಿಗೆ ಅದನ್ನು ತೆಗೆಯಲಾಗಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕಬ್ಬಿಣ ಕಾದಿತ್ತು. ನಾಲ್ಕು ವರ್ಷದಿಂದ ಅವಳು ಈ ಗೇಟು ಮುಟ್ಟಿರಲಿಲ್ಲ. ಕೋಡಿಯಮ್ಮನ ಗುಡಿಗೆ ಹೋಗುವುದಿದ್ದರೂ ಈ ಬೀದಿ ಬಿಟ್ಟು ಕೆರೆ ಏರಿಯ ಮೇಲೆ ಸುತ್ತು ಹಾಕಿಕೊಂಡು ಹೋಗುತ್ತಿದ್ದಳು. ಆವತ್ತು ಇಲ್ಲಿ ಮಣ್ಣಿನ ಬೀದಿಯಿತ್ತು. ಈಗ ಪಂಚಾಯ್ತಿಯವರು ಸಿಮೆಂಟ್ ರಸ್ತೆ ಮಾಡಿದ್ದಾರೆ, ತೂರಬೇಕೆಂದರೂ ಹಿಡಿ ಮಣ್ಣು ಸಿಗುವುದಿಲ್ಲ.

ಜಗಲಿಯ ಮಂಚದ ಮೇಲೆ ಕಲ್ಲೇಶಪ್ಪ ಮಲಗಿದ್ದ. ಬಲಗಡೆಯ ಕೈಕಾಲು ಸ್ವಾಧೀನ ತಪ್ಪಿ ಎರಡು ವರ್ಷವಾಗಿತ್ತು. ಹಣೆಯ ಮೇಲಿನ ವಿಭೂತಿ ಮಾತ್ರ ಹಿಂದಿನಂತೆಯೇ ನೆಟ್ಟಗಿತ್ತು, ಹೆಂಡತಿ ಮಹದೇವಮ್ಮ ದಿನವೂ ಹಚ್ಚುತ್ತಿದ್ದಳು. ಅವನು ಗೇಟಿನ ಕಡೆ ನೋಡಿ "ಊಹೂಂ" ಅಂದ.

ಅವನ ಬಾಯಲ್ಲಿ ಉಳಿದಿದ್ದು ಅದೊಂದೇ ಶಬ್ದ. ನೀರು ಬೇಕಾದರೂ ಊಹೂಂ, ಸಾಕಾದರೂ ಊಹೂಂ, ನೊಣ ಕೂತರೂ ಊಹೂಂ. ಯಾವುದು ಯಾವುದಕ್ಕೆ ಎಂದು ತಿಳಿಯುವುದು ಮಹದೇವಮ್ಮನೊಬ್ಬಳಿಗೇ. ಈ ಸಲ ಅವಳು ಹುರುಳಿಕಾಳಿನ ಮೊರ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಗೇಟಿನಲ್ಲಿ ನಿಂತವಳನ್ನು ನೋಡಿ ಮೊರವನ್ನು ಕೆಳಗಿಟ್ಟಳು.

"ತೆಗ್ದೇ ಐತೆ. ಬರೋದಾದ್ರೆ ಬಾ."

ಲಲಿತಮ್ಮ ಒಳಗೆ ಬಂದು ಜಗಲಿಯ ತುದಿಯಲ್ಲಿ ಕೂತಳು. ಒಂದು ಕಾಲದಲ್ಲಿ ಇದೇ ಜಗಲಿಯಲ್ಲಿ ಇಬ್ಬರೂ ಕೂತು ಸಂಡಿಗೆ ಇಡುತ್ತಿದ್ದರು. ಲಲಿತಮ್ಮನ ಗಂಡ ನಂಜುಂಡಯ್ಯನೂ ಕಲ್ಲೇಶಪ್ಪನೂ ಅಕ್ಕಪಕ್ಕದ ತೋಟದವರು. ಒಂದೇ ಬೇಲಿ, ಒಂದೇ ಬೀಡಿ ಕಟ್ಟು. ಅದೆಲ್ಲ ಮುರಿದು ಬಿದ್ದದ್ದು ಒಂದು ಬೆಳಗಿನ ಜಾವ.

ಜೋಳದ ತೆನೆ ಹಾಲು ತುಂಬಿದ ಕಾಲ. ಐದು ಗಂಟೆಗೆ ಮೋಟಾರಿಗೆ ಕರೆಂಟು ಬಂತೆಂದು ನೀರು ಕಟ್ಟಲು ಹೋದ ನಂಜುಂಡಯ್ಯ ಬೇಲಿಯ ಬದುವಿನಲ್ಲಿ ಸತ್ತು ಬಿದ್ದಿದ್ದ. ಅಂಗೈ ಸುಟ್ಟಿತ್ತು. ಹಂದಿ ಕಾಟಕ್ಕೆ ಯಾರೋ ಬೇಲಿಗುಂಟ ಕರೆಂಟು ತಂತಿ ಎಳೆದಿದ್ದರು. ಆ ತಂತಿಯ ಸುರುಳಿ ಸಿಕ್ಕಿದ್ದು ಬೇಲಿಯ ಆಚೆಗೆ, ಕಲ್ಲೇಶಪ್ಪನ ತೆಂಗಿನಮರದ ಬುಡದಲ್ಲಿ. ಪೊಲೀಸರು ಅವನನ್ನು ಕರೆದುಕೊಂಡು ಹೋಗಿ ಎರಡು ದಿನ ಕೂರಿಸಿಕೊಂಡರು. ಕೇಳಿದ್ದಕ್ಕೆಲ್ಲ ಅವನದು ಒಂದೇ ಮಾತು, ನಾನು ಕಟ್ಟಿಲ್ಲ ಸ್ವಾಮಿ ಎಂದು. ಸಾಕ್ಷಿ ಇಲ್ಲವೆಂದು ಬಿಟ್ಟು ಕಳಿಸಿದರು.

ಅವನು ಮನೆಗೆ ಬಂದ ಸಂಜೆಯೇ ಲಲಿತಮ್ಮ ತಲೆ ಬಿಚ್ಚಿಕೊಂಡು ಈ ಗೇಟಿನ ಮುಂದೆ ನಿಂತಳು. ಬೀದಿಯ ಮಣ್ಣನ್ನು ಮುಷ್ಟಿಯಲ್ಲಿ ಬಾಚಿ, ಕೋಡಿಯಮ್ಮನ ಗುಡಿಯ ಕಡೆ ತಿರುಗಿ ಕೂಗಿ ಹೇಳಿ, ಗೇಟಿನ ಮೇಲಿಂದ ಒಳಕ್ಕೆ ತೂರಿದಳು. ಪೊಲೀಸರಿಂದ ಆಗದ್ದನ್ನು ದೇವರಿಗೆ ಒಪ್ಪಿಸಿದ್ದಾಯಿತು ಎಂದು ನಿಂತು ನೋಡಿದವರು ಮನೆಗೆ ಹೋದರು.

ದೇವರು ಎರಡು ವರ್ಷ ತೆಗೆದುಕೊಂಡಿತು. ಒಂದು ಬೆಳಿಗ್ಗೆ ಕಾಯಿ ಸುಲಿಯುತ್ತಿದ್ದ ಕಲ್ಲೇಶಪ್ಪ ಕೂತಲ್ಲೇ ವಾಲಿಕೊಂಡ. ಹಾಸನಕ್ಕೆ ಒಯ್ದು ತಂದಾಗ ಅರ್ಧ ಮನುಷ್ಯನಾಗಿದ್ದ. ಊರಿಗೆ ಬೇಕಾಗಿದ್ದು ಅಷ್ಟೇ. ಕೋಡಿಯಮ್ಮ ಕಣ್ಣು ಬಿಟ್ಟಳು ಎಂದು ಎಲ್ಲರೂ ಹೇಳಿದರು, ಮತ್ತು ಅಂದು ಎಲ್ಲರಿಗೂ ಊಟ ಚೆನ್ನಾಗಿ ಸೇರಿತು. ಲಲಿತಮ್ಮ ಗುಡಿಗೆ ಹಣ್ಣುಕಾಯಿ ಮಾಡಿಸಿದಳು. ನಾಲ್ಕಾರು ತಿಂಗಳಿಗೆ ಕಲ್ಲೇಶಪ್ಪನ ಮಗಳು ಮೇಘಶ್ರೀಗೆ ಒಪ್ಪಿದ್ದ ಹಗರೆ ಊರಿನ ಗಂಡು, ಆ ಮನೆಗೆ ಹೆಣ್ಣಿನ ಶಾಪ ಇದೆಯಂತೆ ಎಂದು ಹಿಂದಕ್ಕೆ ಸರಿದ. ಲಲಿತಮ್ಮನಿಗೆ ಆ ಹುಡುಗಿಯ ಬಗ್ಗೆ ಪಾಪ ಅನ್ನಿಸಿತು. ಆದರೆ ನಿದ್ದೆ ಕೆಡುವಷ್ಟೇನೂ ಅಲ್ಲ.

ನಿದ್ದೆ ಕೆಟ್ಟಿದ್ದು ಮೊನ್ನೆ ಸೋಮವಾರದಿಂದ.

ಸೋಮವಾರ ಸೊಸೆ ನಯನಾಳನ್ನು ಅರಸೀಕೆರೆಗೆ ಸ್ಕ್ಯಾನಿಂಗಿಗೆ ಕರೆದುಕೊಂಡು ಹೋಗಿದ್ದರು. ಎರಡು ಬಸಿರು ಮೂರನೇ ತಿಂಗಳಿಗೇ ಹೋಗಿದ್ದವು. ಇದು ಐದಕ್ಕೆ ಬಂದಿತ್ತು. ಮಗುವಿನ ಬೆಳವಣಿಗೆ ಸಾಲದು, ಹಾಸಿಗೆ ಬಿಟ್ಟು ಏಳಬಾರದು, ಹತ್ತು ದಿನಕ್ಕೆ ಮತ್ತೆ ನೋಡೋಣ ಎಂದರು ಡಾಕ್ಟರು. ಮನೆಗೆ ಬಂದು ಅವಳನ್ನು ಮಲಗಿಸಿದ ಮೇಲೆ ಮಗ ಶಿವಪ್ರಕಾಶ್ ತಾಯಿಯನ್ನು ಹಿತ್ತಲಿಗೆ ಕರೆದ. ದನಕ್ಕೆ ಹುಲ್ಲು ಹಾಕುವವನಂತೆ ಬೆನ್ನು ತಿರುಗಿಸಿ ನಿಂತು ಹೇಳಿದ.

"ಅವ್ವ, ತಂತಿ ಕಟ್ಟಿದ್ದು ನಾನು."

ಅವಳಿಗೆ ಮೊದಲು ಯಾವ ತಂತಿ ಎಂದೇ ತಿಳಿಯಲಿಲ್ಲ.

"ನಮ್ಮ ಮೋಟ್ರು ಮನೆಯಿಂದ್ಲೇ ಎಳ್ದಿದ್ದೆ. ಅಪ್ಪಂಗೆ ಹೇಳಿರ್ಲಿಲ್ಲ, ಬೈತದೆ ಅಂತ. ಬೆಳಕಾಗೋಕ್ ಮುಂಚೆ ಬಿಚ್ಚಾಕ್ಬೇಕು ಅಂತಿದ್ದೆ. ನಿದ್ದೆ ಬಂದ್ಬುಡ್ತು." ಹುಲ್ಲು ಅವನ ಕೈಯಲ್ಲೇ ಇತ್ತು. "ನಾನೇ ಮೊದ್ಲು ನೋಡಿದ್ದು ಅಪ್ಪನ್ನ. ಗಾಬ್ರೀಲಿ ತಂತಿ ಸುತ್ತಿ ಬೇಲಿ ಆಚೆಗೆಸ್ದೆ. ಕಲ್ಲೇಶಣ್ಣನ ಮೇಲೆ ಹಾಕ್ಬೇಕು ಅಂತಲ್ಲ ಅವ್ವ. ಕೈಲಿ ಇರ್ಬಾರ್ದು ಅಂತ ಎಸ್ದೆ."

ಅವನಿಗೆ ಆಗ ಇಪ್ಪತ್ತೆರಡು. ಅವಳು ಹೊಡೆಯಲಿಲ್ಲ, ಅಳಲಿಲ್ಲ. ನಾಲ್ಕು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅನ್ನ ಹೇಗೆ ತಿಂದ ಎಂದೂ ಕೇಳಲಿಲ್ಲ. ಅವಳ ಬಾಯಿಗೆ ಬಂದದ್ದು ಬೇರೆಯೇ ಮಾತು.

"ಆವತ್ತು ಮಣ್ಣು ತೂರ್ದಾಗ ನಾನು ಏನಂದೆ?"

"ನಂಗೇನೂ ಕೇಳಿಸ್ತಿರ್ಲಿಲ್ಲ ಅವ್ವ. ನೀನು ಮಣ್ಣೆತ್ತಿದ್ದಷ್ಟೇ ಕಂಡಿದ್ದು."

ಅವಳಿಗೂ ನೆನಪಿರಲಿಲ್ಲ. ಮಣ್ಣು ತಣ್ಣಗಿತ್ತು, ಒಂದು ಬೆಣಚುಕಲ್ಲಿನ ಚೂರು ಅಂಗೈಗೆ ಒತ್ತಿತ್ತು, ಇಷ್ಟು ನೆನಪಿತ್ತು. ಆಡಿದ ಮಾತೇ ಮರೆತುಹೋಗಿತ್ತು. ಅವರ ಮನೆ ಹಾಳಾಗಲಿ ಎಂದದ್ದು ನಿಜ. ಆದರೆ ಅವರ ಎಂದರೆ ಯಾರ? ಕಲ್ಲೇಶಪ್ಪನ ಹೆಸರು ಹಿಡಿದು ಹೇಳಿದ್ದೆನೋ, ತಂತಿ ಕಟ್ಟಿದವರ ಎಂದಿದ್ದೆನೋ? ಹೆಸರು ಹೇಳಿದ್ದರೆ ಶಾಪ ಆ ಮನೆಗೆ ಹೋಗಿ, ಅವನ ಕೈಕಾಲು ತಿಂದು, ಮುಗಿದುಹೋಗಿದೆ. ಹೇಳಿರದಿದ್ದರೆ ಅದು ತಂತಿ ಕಟ್ಟಿದವನನ್ನು ಹುಡುಕಿಕೊಂಡು ತನ್ನ ಮನೆಗೇ ಬಂದು, ಸೊಸೆಯ ಹಾಸಿಗೆಯ ಪಕ್ಕ ಕೂತಿದೆ. ಹೆಸರು ಹೇಳಿರಲಿ ತಾಯಿ, ಹೇಳಿರಲಿ, ಎಂದು ಮಂಗಳವಾರವೆಲ್ಲ ಕೋಡಿಯಮ್ಮನನ್ನು ಬೇಡಿಕೊಂಡಳು. ತಪ್ಪಿಲ್ಲದ ಮನುಷ್ಯನ ತಲೆಯ ಮೇಲೇ ಅದು ಬಿದ್ದಿರಲಿ ಎಂದು ಕೇಳಿಕೊಳ್ಳುತ್ತಿದ್ದೇನೆ ಎಂದು ಹೊಳೆದಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಬೇಡಿಕೊಳ್ಳುವುದನ್ನು ಬಿಡಲಿಲ್ಲ.

ಪಕ್ಕದ ಮನೆಯ ದ್ಯಾವಮ್ಮನನ್ನು ಹೇಗೋ ಮಾತಿಗೆಳೆದು ಕೇಳಿದಳು. ದ್ಯಾವಮ್ಮ ಹೂಂ, ಹೆಸರು ಹಿಡಿದೇ ಅಂದೆ ಎಂದಳು. ಆದರೆ ದ್ಯಾವಮ್ಮ ಯಾವುದಕ್ಕೂ ಹೂಂ ಅನ್ನುವ ಹೆಂಗಸು. ಸರಿಯಾಗಿ ನೆನಪಿರುವುದು ಬೈದವರಿಗಲ್ಲ, ಬೈಸಿಕೊಂಡವರಿಗೆ. ಅದಕ್ಕೇ ಲಲಿತಮ್ಮ ಈಗ ಈ ಜಗಲಿಯ ತುದಿಯಲ್ಲಿ ಕೂತಿದ್ದಳು.

"ಯಾಕ್ ಬಂದೆ?" ಎಂದಳು ಮಹದೇವಮ್ಮ. ಕೂತು ಮತ್ತೆ ಮೊರ ಎತ್ತಿಕೊಂಡಿದ್ದಳು.

"ಒಂದ್ ಮಾತು ಕೇಳ್ಬೇಕಿತ್ತು ಅಕ್ಕ."

"ಕೇಳು."

"ಆವತ್ತು ನಾನು ಏನಂದೆ?"

ಮಹದೇವಮ್ಮನ ಕೈ ನಿಂತಿತು. ಯಾವತ್ತು ಎಂದು ಅವಳು ಕೇಳಲಿಲ್ಲ. ಹುರುಳಿಯಲ್ಲಿನ ಒಂದು ಕಲ್ಲನ್ನು ಆರಿಸಿ ಅಂಗಳಕ್ಕೆ ಎಸೆದಳು.

"ಅನ್ನೋದೂ ನೀನೇ, ಕೇಳೋದೂ ನೀನೇ. ನಾಕು ವರ್ಷ ಆದ್ಮೇಲೆ ಈಗ್ಯಾಕೆ?"

ಲಲಿತಮ್ಮ ಸುಳ್ಳೊಂದನ್ನು ಸಿದ್ಧ ಮಾಡಿಕೊಂಡೇ ಬಂದಿದ್ದಳು. ಪೂಜಾರಿ ಕೇಳಿದರು, ತಪ್ಪುಕಾಣಿಕೆ ಕಟ್ಟಿ ದ್ವೇಷ ಬಿಡಬೇಕೆಂದಿದ್ದೇನೆ, ಎಂದು ಏನೋ ಒಂದು. ಮಂಚದ ಮೇಲಿಂದ ಕಲ್ಲೇಶಪ್ಪ ಅವಳನ್ನೇ ನೋಡುತ್ತಿದ್ದ. ಅವನ ಒಂದು ಕಣ್ಣು ಸ್ವಲ್ಪ ಜಾರಿ, ಯಾವಾಗಲೂ ನೀರು ತುಂಬಿಕೊಂಡಿರುತ್ತಿತ್ತು. 

"ನನ್ನ ಮಗನೇ ಕಣಕ್ಕ," ಎಂದಳು. "ತಂತಿ ಕಟ್ಟಿದ್ದು ನಮ್ಮ ಪ್ರಕಾಶನೇ. ನಂಗೆ ಗೊತ್ತಾಗಿದ್ದು ಸೋಮವಾರ."

 ಹಳೇಬೀಡಿನ ಬಸ್ಸು ಮುಖ್ಯರಸ್ತೆಯಲ್ಲಿ ಹಾರ್ನ್ ಹೊಡೆದುಕೊಂಡು ಹೋಯಿತು. ಆಮೇಲೆ ಮಹದೇವಮ್ಮ ಎದ್ದು ಮಂಚದ ಹತ್ತಿರ ಹೋಗಿ, ಗಂಡನ ಕಿವಿಗೆ ಬಾಗಿ, ಕಿವುಡನಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದಳು.

"ಕೇಳಿಸ್ತಾ? ಅವರ ಹುಡುಗ್ನೇ ಅಂತೆ. ನೀವಲ್ವಂತೆ."

ಕಲ್ಲೇಶಪ್ಪ ಬಾಯಿ ತೆರೆದ. ಶಬ್ದ ಬರಲಿಲ್ಲ.

"ಬಿದ್ದ ದಿನ್ವೂ ಅದನ್ನೇ ಅಂತಿದ್ರು ಕಣೆ ಇವ್ರು," ಎಂದಳು ಮಹದೇವಮ್ಮ ತಿರುಗಿ. "ಕಾಯಿ ಸುಲೀತಾ ಕೂತೋರು, ಮಾದೇವಿ, ಹೋದ ಜನ್ಮದಲ್ಲೇನಾರ ಕಟ್ಟಿದ್ನೇನೋ ತಂತಿಯ ಅಂದ್ರು. ನಗ್ತಾ ಅಂದ್ರು. ಅದೇ ಕೊನೇ ಮಾತು. ಎರಡು ವರ್ಷ ಊರು ಅಂದಿದ್ದು ಕೇಳಿ ಕೇಳಿ ಇವ್ರಿಗೇ ಅನುಮಾನ ಬಂದಿತ್ತು." ಅವಳ ದನಿ ಏರಲಿಲ್ಲ. "ಈ ಮಾತ್ನ ಊರ್ ಮುಂದೆ ಹೇಳ್ತೀಯಾ?"

ಲಲಿತಮ್ಮ ತಲೆ ತಗ್ಗಿಸಿದಳು. "ಹೆರಿಗೆ ಒಂದಾಗ್ಲಿ ಅಕ್ಕ."

"ಹೂಂ. ಹೆರಿಗೆ ಆಗ್ಲಿ. ಆಮೇಲೆ ನಾಮಕರಣ ಆಗ್ಲಿ. ಆಮೇಲೆ ಅದರ ಮದ್ವೆ ಆಗ್ಲಿ." ಮಹದೇವಮ್ಮ ಮೂಗಿನಲ್ಲಿ ನಕ್ಕಳು. "ನನ್ನ ಮಗಳು ಇಪ್ಪತ್ತೆಂಟು ದಾಟ್ತು, ಗೊತ್ತಾ?"

"ಗೊತ್ತು."

"ಗೊತ್ತಿದ್ದೂ ಬಂದಿದೀಯ."

"ಬಂದಿದೀನಿ ಅಕ್ಕ. ಎರಡು ಹೋದೋ. ಇದೂ ಹೋದ್ರೆ ಆ ಹುಡುಗಿ ಉಳಿಯಲ್ಲ. ನಾನು ಯಾರ ಮನೆಗೆ ಅಂತ ಅಂದೆ, ಅಷ್ಟು ಹೇಳ್ಬುಡು. ಇನ್ನೇನೂ ಕೇಳಲ್ಲ."

ಮಹದೇವಮ್ಮ ಗೇಟಿನ ಕಡೆ ನೋಡಿದಳು. ಅವಳ ತುಟಿ ಅಲ್ಲಾಡಿತು. ದಿನಾ ಹೇಳಿ ಬಾಯಿಪಾಠವಾದದ್ದನ್ನು ಒಪ್ಪಿಸುವ ದನಿಯಲ್ಲಿ ಶುರುಮಾಡಿದಳು.

"‘ಕೋಡಿಯಮ್ಮ, ನೀನು ಕಲ್ಲಲ್ದೆ ಇದ್ರೆ ಕೇಳು. ನನ್ನ ಮನೆ ದೀಪ ಆರ್ತು. ಅವರ ಮನೇಲಿ ತೊಟ್ಲು ತೂಗದಂಗೆ ಆಗ್ಲಿ. ಅವರ ಮನೆ ಬಾಗ್ಲಿಗೆ ತೋರಣ ಕಟ್ಟದಂಗೆ ಆಗ್ಲಿ. ಈ ಮಣ್ಣು ಹೆಂಗೆ ಬೀಳ್ತದೋ ಹಂಗೆ ಬೀಳ್ಲಿ.’ ಇಷ್ಟಂದೆ. ಅಂದು ತೂರ್ದೆ. ನನ್ನ ರಂಗೋಲಿ ಮೇಲೆ ಬಿತ್ತು."

ತೊಟ್ಟಿಲು ಎಂದ ಕೂಡಲೇ ಲಲಿತಮ್ಮನ ಕೈ ತನ್ನ ಹೊಟ್ಟೆಯ ಮೇಲೆ ಹೋಯಿತು, ಬಸಿರಾದವಳು ತಾನೇ ಎಂಬಂತೆ. ತೊಟ್ಟಿಲ ಮಾತು ಅವಳಿಗೆ ನೆನಪೇ ಇರಲಿಲ್ಲ.

"ಅವರ ಅಂದ್ರೆ?" ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ. "ಅವರ ಅಂದ್ರೆ ಯಾರ ಅಂದೆ ಅಕ್ಕ?"

ಮಹದೇವಮ್ಮ ಮತ್ತೆ ಬಂದು ಕೂತು ಮೊರದ ಕಾಳನ್ನು ಬೆರಳಿನಿಂದ ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿದಳು.

"ನಿನ್ನ ಸೊಸೆ ಡೈರೀಲಿ ಸಿಕ್ತಿದ್ಲು," ಎಂದಳು. "ಹಾಲು ಹಾಕೋಕೆ ಬರೋಳು. ಹೊಸ್ಬಳು, ನಿಂಗೂ ನಂಗೂ ಮಾತಿಲ್ಲ ಅಂತ ಯಾರೂ ಹೇಳಿರ್ಲಿಲ್ವೇನೋ. ದೊಡ್ಡಮ್ಮ, ದೊಡ್ಡಪ್ಪ ಈಗ ಹೆಂಗಿದಾರೆ ಅಂತ ದಿನಾ ಕೇಳೋಳು. ಈ ಊರಲ್ಲಿ ಇನ್ಯಾರೂ ಕೇಳಿಲ್ಲ ಕಣೆ ಅದನ್ನ. ಹಾಸಿಗೆ ಹಿಡಿದವಳೆ ಅಂದ್ರು?"

"ಹೂಂ."

"ಏಳೋಕ್ ಬಿಡ್ಬೇಡ ಅವಳ್ನ."

ಮಹದೇವಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳು ಮುಂದಿನ ಮಾತನ್ನು ಲಲಿತಮ್ಮನ ಮುಖ ನೋಡಿ ಹೇಳಲಿಲ್ಲ. ಹುರುಳಿಕಾಳನ್ನು ನೋಡಿಕೊಂಡು ಹೇಳಿದಳು.

"ಹೆಸರು ಹಿಡ್ದೇ ಅಂದೆ. ಕಲ್ಲೇಶಪ್ಪನ ಮನೆ ಅಂತ್ಲೇ ಅಂದೆ. ಮೂರು ಸಲ. ಏನಿದ್ರೂ ನಮಗೇ ಬಂತು, ನಮ್ಮಲ್ಲೇ ತೀರ್ತು. ನಿನ್ನ ಮನೇದು ಅಲ್ಲ ಅದು. ಹೋಗು."

ಲಲಿತಮ್ಮನಿಗೆ ಒಮ್ಮೆಲೇ ಉಸಿರು ಬಂತು. ಆ ಉಸಿರಿನ ಹಿಂದೆಯೇ ಅಳುವೂ ಬಂತು. ಸೋಮವಾರದಿಂದ ಬೇಡಿಕೊಂಡದ್ದು ಕೈಗೆ ಸಿಕ್ಕಿತ್ತು, ಸಂತೋಷವಾಯಿತು, ಅದನ್ನು ಕೊಟ್ಟವಳ ಮುಂದೆ ಸಂತೋಷಪಡುತ್ತಿದ್ದೇನೆ ಎಂದು ಸಾಯುವಷ್ಟು ನಾಚಿಕೆಯೂ ಆಯಿತು. ಮಹದೇವಮ್ಮನ ಕಾಲು ಮುಟ್ಟಲು ಬಗ್ಗಿದಳು.

"ಊಹೂಂ."

ಮಂಚದ ಮೇಲಿಂದ. ಇಬ್ಬರೂ ತಿರುಗಿದರು. ಕಲ್ಲೇಶಪ್ಪ ದಿಂಬಿನಿಂದ ತಲೆ ಎತ್ತಲು ಹೆಣಗುತ್ತಿದ್ದ. ಕತ್ತಿನ ನರ ಉಬ್ಬಿತ್ತು.

"ಊಹೂಂ. ಊಹೂಂ."

"ನೀರು ಕೇಳ್ತಾರೆ," ಎಂದು ಮಹದೇವಮ್ಮ ಎದ್ದಳು. ಮೊರ ಮಗುಚಿ ಕಾಳು ಜಗಲಿಯ ತುಂಬ ಚೆಲ್ಲಿತು. ಅದನ್ನು ತುಳಿದುಕೊಂಡೇ ಹೋಗಿ ಲೋಟದಲ್ಲಿ ನೀರು ತಂದು, ಅವನ ತಲೆಯನ್ನು ಮೊಣಕೈಯಲ್ಲಿ ಎತ್ತಿ ಹಿಡಿದು ಬಾಯಿಗಿಟ್ಟಳು. "ಕುಡೀರಿ. ನೀರೇ ತಾನೆ ಕೇಳಿದ್ದು? ಕುಡೀರಿ."

ಅವನು ತುಟಿ ಬಿಗಿಹಿಡಿದ. ನೀರು ಗಲ್ಲದ ಮೇಲೆ ಹರಿದು, ಕತ್ತಿಗೆ ಇಳಿದು, ದಿಂಬು ನೆನೆಯಿತು. ನೆಟ್ಟಗಿದ್ದ ಒಂದು ಕಣ್ಣು ಲಲಿತಮ್ಮನ ಮೇಲಿಂದ ಕದಲಲಿಲ್ಲ. ಎಡಗೈಯಿಂದ ಲೋಟವನ್ನು ಪಕ್ಕಕ್ಕೆ ತಳ್ಳಿ ಮತ್ತೆ ಅಂದ.

"ಊಹೂಂ."

"ನೀನು ಹೋಗು ಲಲಿತಾ," ಎಂದಳು ಮಹದೇವಮ್ಮ, ತಿರುಗದೆ. "ಇವ್ರು ಎಲ್ಲಕ್ಕೂ ಹಂಗೇ ಅನ್ನೋದು."

ಲಲಿತಮ್ಮ ಚೆಲ್ಲಿದ ಕಾಳಿನ ನಡುವೆ ನಿಂತೇ ಇದ್ದಳು. ಮಹದೇವಮ್ಮ ಲೋಟವನ್ನು ಮತ್ತೆ ತುಂಬಿಕೊಂಡು ಬಂದು ಗಂಡನ ತುಟಿಗೆ ಹಿಡಿದಳು. ಅವನು ಬಾಯಿ ತೆರೆಯಲಿಲ್ಲ.