ಕೊಂಡಿ ಹುಡುಕ್ರಿ

“ಏ ಕಾಳವ್ವಾ, ಹಲ್ಲು ಕಿಸೀಬ್ಯಾಡ! ಬಡವರ ಮಾರಿ ಹಂಗ ಇರ್ತದೇನು? ಸ್ವಲ್ಪ ಜೋಲ ಮಾರಿ ಮಾಡು.”

ಕಾಳವ್ವ ಮುಖ ಇಳಿಸಿದಳು. ಕುಣಿಮಗ್ಗದೊಳಗೆ ಕಾಲು ಬಿಟ್ಟು ಕೂತು ಎರಡು ತಾಸಾಗಿತ್ತು, ನೇಯ್ದದ್ದು ಬೆರಳಗಲವೂ ಇಲ್ಲ. ಗದರಿದವನು ಕೌಶಿಕ, ಬಾಗಲಕೋಟೆಯ ಮಾಸ್ತರ ಮನೆತನದವನು. ಇಳಕಲ್ ಸೀರೆಯನ್ನು ಇಂಟರ್‌ನೆಟ್ಟಿನಲ್ಲಿ ಮಾರುವ ಸ್ಟಾರ್ಟಪ್ ತೆಗೆದಿದ್ದ. ಇವತ್ತು ಅದಕ್ಕೆ ಬಂಡವಾಳ ಹಾಕುವವರು ಬರುತ್ತಾರೆ. ಅವರೆದುರು ಈಕೆ ನೇಯಬೇಕು, ಅದು ಆಗಿಂದಾಗಲೇ ಮೊಬೈಲಿನಲ್ಲಿ ಮಂದಿಗೆಲ್ಲ ಕಾಣಬೇಕು.

ಹೋದ ವರ್ಷ ಇದೇ ಕೌಶಿಕ ನೆಲದ ಮೇಲೆ ಕೂತು ಚಹಾ ಕುಡಿದಿದ್ದ. ಕಾಳವ್ವ ಸೀರೆಯ ಮೈಯ ಹತ್ತಿ ಎಳೆಯ ಕುಣಿಕೆಗೆ ಸೆರಗಿನ ರೇಷ್ಮೆ ಎಳೆ ಸಿಕ್ಕಿಸುತ್ತಿದ್ದಳು. ಒಂದು ಸೀರೆಗೆ ಅಂಥವು ಸಾವಿರಾರು, ಎಲ್ಲ ಕೈಯಿಂದಲೇ; ಮಶೀನಿಗೆ ಬಾರದ ಕೆಲಸ.

“ಇದಕ್ಕೇನಂತೀರಿ?”

“ಕೊಂಡಿರಿ.”

“ಅರೆ, ಲಿಂಕಿಗೂ ಕನ್ನಡದಾಗ ಕೊಂಡಿ ಅಂತನ ಅಂತಾರ! ಕಂಪನಿಗೆ ಇದ ಹೆಸರು ಇಡ್ತೀನಿ.”

ತನ್ನ ಮನೆಯ ಮಾತು ಊರೂರು ಮೆರೆಯುತ್ತದೆಂದು ಕಾಳವ್ವ ಹಿಗ್ಗಿ ಹೀರೇಕಾಯಿಯಾದಳು. ಇಲ್ಲೊಂಚೂರು ಹೆಬ್ಬೆಟ್ಟು ಒತ್ತು ಎಂದು ಅವನು ಟ್ಯಾಬ್ ಹಿಡಿದ. ಒತ್ತಿದಳು. ನಂಬಿಸಿ ಕತ್ತು ಕೊಯ್ಯುವವರು ಕುಡುಗೋಲು ತೋರಿಸುತ್ತಾರೆಯೆ?

ಮಗಳು ಸುಮಾ ‘ಕಾಳವ್ವನ ಕೊಂಡಿ ಸೀರಿ’ ಎಂದು ತನ್ನದೇ ಪೇಜು ತೆರೆದಳು. ಹದಿನೈದು ದಿನಕ್ಕೆ ಅದು ಮಾಯ. ಕೇಳಿದರೆ ಕೌಶಿಕ, “ಕೊಂಡಿ ಅನ್ನೋದು ನಮ್ಮ ಕಂಪನಿದು, ರಜಿಸ್ಟರ್ ಆಗೇದ. ನಿಮ್ಮವ್ವ ಹೆಬ್ಬೆಟ್ಟು ಒತ್ತಿಲ್ಲೇನು?” ಅಂದ.

“ಅವ್ವಾ, ನಿನ್ನ ಹೆಸರು ಹಾಕಿ ಹುಡಿಕಿದ್ರೂ ಅವನ ಅಂಗಡೀನ ಬರತೈತಿ,” ಎಂದು ಸುಮಾ ಅತ್ತಳು. ಬರುವುದು ಕಾಳವ್ವನದೇ ಫೋಟೋ. ಪಕ್ಕದಲ್ಲಿ ಪವರ್‌ಲೂಮಿನ ಸೀರೆ.

ಇವತ್ತು ಬಂದವರೆದುರು ತಾನು ಹೇಳಿಕೊಟ್ಟ ಒಂದು ಮಾತು ಹೇಳಿದರೆ ಕೌಶಿಕ ಸುಮಾಳ ಪೇಜು ಮತ್ತೆ ತೆರೆದುಕೊಡುತ್ತೇನೆ ಎಂದಿದ್ದ. ಅದಕ್ಕೇ ಕಾಳವ್ವ ಜೋಲು ಮುಖ ಹಾಕಿ ಕೂತದ್ದು.

ಕಾರು ಬಂತು. ಬಂಡವಾಳದವರ ಹಿರಿಯಳು ಪದ್ಮಜಾ ಮೂಗಿಗೆ ಕರವಸ್ತ್ರ ಹಿಡಿದೇ ಕುರ್ಚಿಯಲ್ಲಿ ಕೂತಳು. ಕೌಶಿಕನ ಕೈಕೆಳಗಿನ ಸಲ್ಮಾನ ಮೊಬೈಲ್ ಎತ್ತಿ ಹಿಡಿದು ಲೈವ್ ಶುರು ಮಾಡಿದ. ಕಂಪನಿ ಸೇರುವ ಮೊದಲು ಇದೇ ಓಣಿಯ ನೂಲಿಗೆ ಬಣ್ಣ ಹಾಕುತ್ತಿದ್ದವನು ಅವನು. ಕೌಶಿಕ ಘಡಿ ಮುರಿಯದ ಹೊಸ ಸೀರೆಯೊಂದನ್ನು ಕಾಳವ್ವನ ಕೈಗಿಟ್ಟು ಕಿವಿಯ ಹತ್ತಿರ ಬಗ್ಗಿದ.

“ಹೇಳು, ‘ಈ ಕೊಂಡಿ ಸೀರಿ ನಾನ ನೇಯ್ದೇನಿ’ ಅಂತ.”

ಕಾಳವ್ವ ಸೀರೆ ಬಿಚ್ಚಿ, ಮೈ ಮತ್ತು ಸೆರಗು ಸೇರುವಲ್ಲಿ ಹೆಬ್ಬೆರಳಾಡಿಸಿದಳು. ಅದೇ ಹೆಬ್ಬೆರಳು. ಒಂದು ಕೊಂಡಿಯೂ ಸಿಗಲಿಲ್ಲ. ಬಾಗಿಲಲ್ಲಿ ನಿಂತ ಸುಮಾಳನ್ನು ನೋಡಿದಳು. ಸುಮಾ ನೆಲ ನೋಡುತ್ತಿದ್ದಳು.

“ಹೇಳ ಮುದುಕಿ, ಬಾಯಾಗೇನು ಕಡಬು ಇಟ್ಕೊಂಡೀಯೇನು?” ಕೌಶಿಕ ಹಲ್ಲು ಕಚ್ಚಿ ಪಿಸುಗುಟ್ಟಿದ.

“ಇದು ನಂದಲ್ಲ. ಮಶೀನಿಗೆ ಹುಟ್ಟಿದ್ದಕ್ಕ ನನ್ನ ಹೆಸರು ಯಾಕ ಇಡತೀಯೋ, ಭಾಡ್ಯಾ?”

“ಬಂದ್ ಮಾಡೋ ಸಲ್ಮಾನ!”

ಸಲ್ಮಾನನ ಬೆರಳು ಮೊಬೈಲಿನ ಮೇಲೆ ಬಂದು ನಿಂತಿತು. ಒತ್ತಲಿಲ್ಲ.

“ಮಂದಿ ನೋಡಾಕತ್ತಾರ್ರಿ ಸಾಹೇಬ್ರ,” ಅಂದ.

“ಮಗಳ ಪೇಜು ಮರತಬಿಡು, ಕಾಳವ್ವಾ. ಕೋರ್ಟಿನ ಕಟ್ಟಿ ಹತ್ತಸ್ತೀನಿ!”

ಕಾಳವ್ವ ಕುಣಿಯಿಂದ ಎದ್ದು ಬಂದಳು. ಮಂಡಿ ಹಿಡಿದಿತ್ತು, ಗೋಡೆಗೆ ಕೈ ಕೊಟ್ಟು ನಿಂತಳು. ಆ ಸೀರೆಯ ಸೆರಗನ್ನು ಪದ್ಮಜಾಳ ತೊಡೆಯ ಮೇಲೆ ಹರವಿದಳು.

“ಮೊಬೈಲದಾಗ ಏನ ಹುಡಿಕಿದ್ರೂ ಸಿಗತೈತಂತಲ್ರಿ ಬಾಯಾರ. ಇದರಾಗ ಒಂದ, ಒಂದ ಕೊಂಡಿ ಹುಡುಕಿ ಕೊಡ್ರಿ.”

ಪದ್ಮಜಾ ಕರವಸ್ತ್ರ ಇಳಿಸಿ ಕನ್ನಡಕ ಹಾಕಿಕೊಂಡಳು. ಕೌಶಿಕ ಸೀರೆ ಕಸಿಯಲು ಕೈ ಹಾಕಿದ. ಕಾಳವ್ವ ಅದರ ಅಂಚನ್ನು ಮುಷ್ಟಿಗೆ ಎರಡು ಸುತ್ತು ಸುತ್ತಿಕೊಂಡಳು. ಅವನು ಎಳೆದ, ಅವಳು ಬಿಡಲಿಲ್ಲ. ಸುಮಾ ಬಾಗಿಲಿನಿಂದ ಬಂದು ಅವ್ವನ ಹಿಂದೆ ನಿಂತು ಅದೇ ಅಂಚು ಹಿಡಿದಳು.

“ಹುಡುಕ್ರಿ,” ಅಂದಳು ಕಾಳವ್ವ.

ಸಲ್ಮಾನ ಮೊಬೈಲನ್ನು ಇನ್ನಷ್ಟು ಹತ್ತಿರ ತಂದ.