ಚೌಕಟ್ಟಿನಾಚೆಯ ಎಡಗೈ

ಆ ಪುಟ್ಟ ಕಡಲೂರಿಗೆ ಹೋದವರು ಮೂರನ್ನು ನೋಡಿಕೊಂಡು ಬರುತ್ತಾರೆ: ದೀಪಸ್ತಂಭ, ಕಪ್ಪೆಚಿಪ್ಪಿನ ಅಂಗಡಿಸಾಲು, ನನ್ನ ಅಮ್ಮನ ಮುಖ.

ಮೊದಲೆರಡರ ಬಗ್ಗೆ ನನ್ನ ತಕರಾರಿಲ್ಲ. ಮೂರನೆಯದನ್ನು ನೆನೆದರೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಟೀ ಕಪ್ಪಿನ ಮೇಲೆ ಅಮ್ಮ, ಕೀ ಚೈನಿನ ಮೇಲೆ ಅಮ್ಮ. ನಾವು ಬಸ್ಸಿಳಿದ ಕೂಡಲೇ ಎದುರಾದ ದಪ್ಪನೆಯ ಆಸಾಮಿಯೊಬ್ಬನ ಅಂಗಿಯ ಮೇಲೂ ಅಮ್ಮನೇ. ಅವನ ಹೊಟ್ಟೆ ಕುಣಿದಂತೆಲ್ಲ ಅವಳೂ ಕುಣಿಯುತ್ತಿದ್ದಳು. ಅವನ ಅಂಗಿಯನ್ನು ಅಲ್ಲೇ ಹರಿದುಹಾಕಬೇಕೆನ್ನಿಸಿತು.

ಚಿತ್ರ ಇಷ್ಟೇ: ಹರೆಯದ ಹೆಂಗಸು, ತಲೆಯ ಮೇಲೆ ಒದ್ದೆ ಶಾಲು, ಹಿಂದೆ ಕಡಲು. ಬಲಗೈ ಮುಂದಕ್ಕೆ ಚಾಚಿದೆ, ಬಾಯಿ ತೆರೆದಿದೆ. ಕೆಳಗೆ ‘ಕಡಲನ್ನು ಬೇಡಿದವಳು’ ಎಂದು ಬರೆದಿದೆ.

ಬೇಡಿದವಳಂತೆ, ಫೋಟೋ ತೆಗೆದವನ ತಲೆ. ನಾನಾಗ ತೊಟ್ಟಿಲ ಕೂಸು. ಅಪ್ಪನ ದೋಣಿ ದಡದ ಬಂಡೆಗೆ ಬಡಿದು ಮಗುಚಿತ್ತು. ಅಪ್ಪ ನೀರಿನಲ್ಲಿ ಹಗ್ಗದ ಒಂದು ತುದಿ ಹಿಡಿದಿದ್ದ, ಇನ್ನೊಂದು ತುದಿ ಅಮ್ಮನ ಕೈಯಲ್ಲಿತ್ತು. ಒಬ್ಬಳಿಂದ ಎಳೆಯಲಾಗಲಿಲ್ಲ. ಹತ್ತಿರ ಇದ್ದವನು ಒಬ್ಬನೇ, ಊರು ನೋಡಲು ಕ್ಯಾಮೆರಾ ನೇತುಹಾಕಿಕೊಂಡು ಬಂದಿದ್ದ ಯುವಕ. ಅಮ್ಮ ಎಡಗೈಗೆ ಹಗ್ಗ ಸುತ್ತಿಕೊಂಡು, ಬಲಗೈಯನ್ನು ಅವನತ್ತ ಚಾಚಿ ಕೂಗಿದಳು. ಅವನು ಫೋಟೋ ತೆಗೆದ. ಹಗ್ಗ ಜಾರಿತು.

ಆ ಮಹಾನುಭಾವ ಚಿತ್ರದಿಂದ ಎಡಗೈಯನ್ನೂ ಹಗ್ಗವನ್ನೂ ಕತ್ತರಿಸಿ ಉಳಿದದ್ದನ್ನು ಪತ್ರಿಕೆಗೆ ಕೊಟ್ಟ. ಬಹುಮಾನ ಬಂತು, ಹೆಸರು ಬಂತು. ಕೊನೆಗೆ ಅದೇ ಊರಿನಲ್ಲಿ ಫೋಟೋಮನೆ ಕಟ್ಟಿಕೊಂಡು ಕೂತ.

ಅಮ್ಮನಿಗೆ ಬಂದದ್ದು ಬೇರೆ ಹೆಸರು. ಅಪ್ಪನ ಅಕ್ಕ, ನನ್ನ ದೊಡ್ಡತ್ತೆ, ಅಂದಿನಿಂದ ಅವಳನ್ನು ಕರೆಯುವುದೇ ‘ಫೋಟೋದವಳು’ ಎಂದು. ‘ನನ್ನ ತಮ್ಮ ಮುಳುಗ್ತಿದ್ದಾಗ ಇವಳು ಫೋಟೋಗೆ ನಿಂತಿದ್ದಳು’ ಎಂದು ಮದುವೆಮನೆಗಳಲ್ಲೂ ಹೇಳುತ್ತಿದ್ದಳು. ಅಮ್ಮ ಹಗ್ಗದ ಮಾತೆತ್ತಿದರೆ, ‘ಎಲ್ಲಿದೆ ಹಗ್ಗ, ತೋರಿಸು’ ಎಂದು ಚಿತ್ರವನ್ನೇ ಮುಂದೆ ಹಿಡಿಯುತ್ತಿದ್ದಳು. ಅಮ್ಮ ಆಮೇಲೆ ಆ ಮಾತೆತ್ತುವುದನ್ನೇ ಬಿಟ್ಟಳು.

ನಾನು ಬಿಟ್ಟಿರಲಿಲ್ಲ. ‘ಬಿಟ್ಟುಬಂದ ಊರು ನೋಡಿಕೊಂಡು ಬರೋಣ’ ಎಂದು ಇಬ್ಬರನ್ನೂ ಹೊರಡಿಸಿದೆ. ಖರ್ಚು ನನ್ನದೆಂದಾಗ ದೊಡ್ಡತ್ತೆ ಕೂಡಲೇ ಗಂಟು ಕಟ್ಟಿದಳು. ನನ್ನ ಚೀಲದಲ್ಲಿ ಶಾಯಿಯ ಬಾಟಲಿಯಿತ್ತು. ಆ ಚಿತ್ರಕ್ಕೂ ಅವನ ಮುಖಕ್ಕೂ ಸಾಕಾಗುವಷ್ಟಿತ್ತು. ಅಮ್ಮ ಅದನ್ನು ನೋಡಿದ್ದಳು. ‘ಬರ್ತೀನಿ. ಆದರೆ ಅಲ್ಲಿ ನೀನು ತುಟಿ ಬಿಚ್ಚಬಾರದು’ ಎಂದು ಮಾತು ತೆಗೆದುಕೊಂಡಿದ್ದಳು.

ದೀಪಸ್ತಂಭ ಹತ್ತಿದೆವು, ಇಳಿದೆವು. ದೊಡ್ಡತ್ತೆ ಕಪ್ಪೆಚಿಪ್ಪಿನ ಸರಕ್ಕೆ ಚೌಕಾಸಿ ಮಾಡುತ್ತಿದ್ದಾಗ ಪಕ್ಕದ ಅಂಗಡಿಯವನು ಅಮ್ಮನ ಮುಂದೆ ಚಿತ್ರವಿದ್ದ ಕಪ್ಪು ಹಿಡಿದ.

“ತಗೊಳ್ಳಿ ಅಜ್ಜಿ, ಊರಿನ ನೆನಪಿಗೆ.”

“ಬೇಡ ಕಣಪ್ಪ. ಈ ಮುಖ ನಮ್ಮನೇಲೇ ಇದೆ” ಎಂದಳು ಅಮ್ಮ. ನಗು ಬರಲಿಲ್ಲ ನನಗೆ.

ಫೋಟೋಮನೆಯ ಹಿಂದೆ ಕಡಲಿಗೆ ತೆರೆದ ಜಗಲಿ. ಅಲ್ಲೊಂದು ಪದ್ಧತಿಯುಂಟು. ಬಂದ ಹೆಂಗಸರೆಲ್ಲ ಕಪ್ಪು ಶಾಲು ಹೊದ್ದು, ಕಡಲಿಗೆ ಬೆನ್ನು ಹಾಕಿ, ಕೈ ಚಾಚಿ ಬಾಯಿ ತೆರೆದು ನಿಲ್ಲಬೇಕು. ಯಜಮಾನ ತಾನೇ ಫೋಟೋ ತೆಗೆಯುತ್ತಾನೆ. ಈಗ ಅವನಿಗೆ ಬಿಳಿಗಡ್ಡ, ಮೆತ್ತಗಿನ ಮಾತು. ಜನರ ಸಾಲು ಚದುರದಂತೆ ಕಂಬದಿಂದ ಕಂಬಕ್ಕೆ ದಪ್ಪ ಹಗ್ಗ ಕಟ್ಟಿದ್ದ. ಆ ಹಗ್ಗ ಕಂಡು ನನ್ನ ಕೈ ಚೀಲದೊಳಗೆ ಹೋಯಿತು. ಅಮ್ಮ ನನ್ನ ಮಣಿಕಟ್ಟು ಹಿಡಿದು ಹೊರಗೆಳೆದಳು.

“ಅಜ್ಜಿ, ನೀವೂ ಬನ್ನಿ. ನಾಚಿಕೆ ಯಾಕೆ?” ಎಂದು ಅವನೇ ಕರೆದ. ಗುರುತು ಹತ್ತಿರಲಿಲ್ಲ. ಅವನು ನೆನಪಿಟ್ಟುಕೊಂಡಿದ್ದು ಚಿತ್ರವನ್ನು, ಹೆಂಗಸನ್ನಲ್ಲ.

ಅಮ್ಮ ಹೋಗಿ ನಿಂತಳು. ಅವನು ಶಾಲು ಹೊದಿಸಿ ಕ್ಯಾಮೆರಾದ ಹಿಂದೆ ಹೋದ.

“ಬಲಗೈ ಮುಂದಕ್ಕೆ. ಹಾಗಲ್ಲ ಅಜ್ಜಿ, ಆ ಹೆಂಗಸು ಹಾಗೆ ನಿಂತಿರಲಿಲ್ಲ. ಅವಳ ಮುಖದಲ್ಲಿ ಭಕ್ತಿ ಇತ್ತು.”

“ಕಡಲನ್ನ ಬೇಡೋಳು ಕಡಲಿಗೆ ಬೆನ್ನು ಹಾಕಿ ಯಾಕಪ್ಪ ನಿಲ್ತಾಳೆ?”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. “ಅದು ಕಲೆ ಅಜ್ಜಿ, ನಿಮಗೆ ಗೊತ್ತಾಗಲ್ಲ. ಎಡಗೈ ಕೆಳಗೆ ಬಿಡಿ.”

“ಎಡಗೈಯಲ್ಲಿ ಹಗ್ಗ ಇತ್ತು.”

ಅವನು ಕ್ಯಾಮೆರಾದಿಂದ ತಲೆಯೆತ್ತಿದ. ಅಮ್ಮ ಪಕ್ಕದ ಕಂಬದಿಂದ ಹಗ್ಗದ ತುದಿ ಬಿಚ್ಚಿ ಎಡಗೈಗೆ ಸುತ್ತಿಕೊಂಡಳು. ಮೈಯ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಬಲಗೈ ಚಾಚಿ, ನಾನು ಹುಟ್ಟಿದಾಗಿನಿಂದ ಕೇಳದ ದನಿಯಲ್ಲಿ ಕೂಗಿದಳು.

“ಏ ಕ್ಯಾಮೆರಾದವನೇ, ಅದನ್ನ ಕೆಳಗಿಡು. ಬಂದು ಹಗ್ಗ ಹಿಡಿ.”

ಗೋಡೆಯ ಮೇಲಿನ ದೊಡ್ಡ ಚಿತ್ರದಲ್ಲಿದ್ದ ಅದೇ ಕೈ, ಅದೇ ಬಾಯಿ. ಸಾಲಿನಲ್ಲಿದ್ದವರು ಒಮ್ಮೆ ಗೋಡೆಯನ್ನು, ಒಮ್ಮೆ ಅಮ್ಮನನ್ನು ನೋಡಿದರು. ಅವನ ಮುಖ ಬಿಳಚಿಕೊಂಡಿತು.

“ನೀನಾ?” ಎಂದ. “ನಾನು ಬರ್ತಿದ್ದೆ. ಒಂದೇ ಒಂದು ಫೋಟೋ ತೆಗೆದು ಬರೋಣ ಅಂತಿದ್ದೆ. ಅಷ್ಟರಲ್ಲಿ ಹಗ್ಗ ಜಾರಿಹೋಯ್ತು.”

ಬಾಯಿಂದ ಬಿದ್ದದ್ದು ಬಿದ್ದುಹೋಗಿತ್ತು. ನಾನು ದೊಡ್ಡತ್ತೆಯ ಕಡೆ ತಿರುಗಿದೆ. ಅವಳ ಮುಖ ನೋಡಬೇಕೆಂದೇ ಅವಳನ್ನು ಕರೆತಂದಿದ್ದೆ, ಸುಳ್ಳೇಕೆ ಹೇಳಲಿ. ಕೊಂಡಿದ್ದ ಸರ ಅವಳ ಕೈಯಿಂದ ಕೆಳಗೆ ಬಿತ್ತು. ಅವಳು ಸಾಲು ದಾಟಿ ಹೋಗಿ, ಅಮ್ಮನ ಹಿಂದೆ ನಿಂತು, ಎರಡೂ ಕೈಯಿಂದ ಹಗ್ಗ ಹಿಡಿದಳು.

“ಬಿಡಬೇಡ ತಂಗಿ” ಎಂದಳು. “ನಾನು ಹಿಡಿದಿದ್ದೀನಿ.”

ಅಮ್ಮ ಆಗ ಅತ್ತಳು, ಅಷ್ಟೂ ಜನರ ಮುಂದೆ.

ಜನ ಫೋನು ಎತ್ತತೊಡಗಿದ್ದರು. ಯಜಮಾನ ಹಗ್ಗ ಕಿತ್ತುಕೊಳ್ಳಲು ನುಗ್ಗಿದ. ಇಬ್ಬರು ಮುದುಕಿಯರು ಜಗ್ಗಿ ಹಿಡಿದಿದ್ದ ಹಗ್ಗ ಅವನಿಗೆಲ್ಲಿ ಬರಬೇಕು. ಎಡಗೈಯಲ್ಲಿ ಅದನ್ನು ಹಿಡಿದೇ ಜನರತ್ತ ತಿರುಗಿದ. ಅವನ ಹಿಂದೆ ಕಡಲಿತ್ತು. ಬಲಗೈ ಚಾಚಿ, ಬಾಯಿ ತೆರೆದು ಬೇಡಿಕೊಂಡ.

“ತೆಗೀಬೇಡಿ. ದಮ್ಮಯ್ಯ, ಫೋನು ಕೆಳಗಿಡಿ.”

ಎಲ್ಲರ ಫೋನು ಕೆಳಗಿಳಿದರೂ ನನ್ನದು ಇಳಿಯುವಂತಿರಲಿಲ್ಲ. ಒತ್ತಿದೆ.

“ಎರಡೂ ಕೈ ಬಂತೇನೇ?” ದೊಡ್ಡತ್ತೆ ಹಗ್ಗ ಬಿಡದೆ ಕೇಳಿದಳು.

“ಬಂತು ಅತ್ತೆ. ಹಗ್ಗವೂ ಬಂತು.”

ಅಮ್ಮ ಶಾಲಿನ ಅಂಚಿನಲ್ಲಿ ಕಣ್ಣೊರೆಸಿಕೊಂಡಳು.

“ಹಾಗೇ ಇರಲಿ” ಎಂದಳು. “ಏನನ್ನೂ ಕತ್ತರಿಸಬೇಡ.”